ಊರೂರು ತಿರುಗಿದ ಆಟದ ಪೆಟ್ಟಿಗೆ

ಅಕ್ಕನ ಮಗಳು ಈ ವರ್ಷ ದ್ವಿತೀಯ ಪಿಯುಸಿ ಮುಗಿಸಿ ಮೈಸೂರಿನಲ್ಲಿ ಇಂಜಿನಿಯರಿಂಗ್ ಸೇರುತ್ತಿದ್ದಾಳೆ. ಹಾಸ್ಟೆಲಿಗೆ ಹೋಗುವ ಮುಂಚೆ ಅವಳಿಗೊಂದು ಲ್ಯಾಪ್‌ಟಾಪ್ ಕೊಡಿಸಬೇಕೆಂದು ಅಕ್ಕ, ಭಾವ ನಿಶ್ಚಯಿಸಿದ್ದಾರೆ. ಯಾವುದನ್ನು ಕೊಳ್ಳಬೇಕೆಂದು ನೋಡಿ ಹೇಳುವ ಹೊಣೆಯನ್ನು ನನಗೆ ವಹಿಸಿದ್ದಾರೆ. ಓದಿಗೆ ಏನೇನು ಬೇಕೆಂದು ಅವರಿಬ್ಬರೂ ವಿವರವಾಗಿ ಹೇಳಿ ಮುಗಿಸಿದ ಮೇಲೆ ಫೋನು ಕೈಗೆ ತೆಗೆದುಕೊಂಡ ಅವಳು, ಪಕ್ಕದ ಕೋಣೆಗೆ ಹೋಗಿ, ಮೆಲ್ಲಗೆ ಕೇಳಿದ್ದು ಒಂದೇ ಪ್ರಶ್ನೆ: “ಮಾವ, ಅದರಲ್ಲಿ ಗೇಮ್ ಆಡಬಹುದಲ್ಲ?” ಆಡಬಹುದು ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ಐದು ವರ್ಷಗಳಿಂದ ಒಂದೇ ಲ್ಯಾಪ್‌ಟಾಪಿನಲ್ಲಿ, ಮೂರು ಊರುಗಳ ಮೂರು ಬಗೆಯ ಹವೆಯಲ್ಲಿ ಆಡುತ್ತ ಬಂದಿರುವ ನನಗೆ ಅಷ್ಟು ಉತ್ತರ ಸಾಲದೆನಿಸಿತು. ಅವಳಿಗೆ ಹೇಳಬೇಕಾದದ್ದನ್ನು ಯೋಚಿಸುತ್ತ ಕುಳಿತಾಗ ಹೊಳೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬ್ಯಾಂಕ್ ನೌಕರ. ಮೂರು ವರ್ಷಕ್ಕೊಮ್ಮೆ ವರ್ಗಾವಣೆಯ ಆದೇಶ ಬರುತ್ತದೆ, ಮನೆ ಕಟ್ಟಿಕೊಂಡು ಹೊರಡಬೇಕಾಗುತ್ತದೆ. 2012ರಲ್ಲಿ, ದಾವಣಗೆರೆಯಲ್ಲಿದ್ದಾಗ, ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ನಾನೇ ಜೋಡಿಸಿಕೊಂಡ ಡೆಸ್ಕ್‌ಟಾಪ್ ಒಂದಿತ್ತು. ಆಟದ ಚಿತ್ರಗಳನ್ನು ಪರದೆಗೆ ಮೂಡಿಸುವ ಅದರ ಗ್ರಾಫಿಕ್ಸ್ ಕಾರ್ಡನ್ನು ಎರಡು ಸಲ ಬದಲಾಯಿಸಿದೆ, ರ‍್ಯಾಮ್ ಹೆಚ್ಚಿಸಿದೆ, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದೆ. ಎಂಟು ವರ್ಷ ದುಡಿದರೂ ಅದು ಹಳತಾಯಿತೆಂದು ನನಗೆ ಅನಿಸಿದ್ದಿಲ್ಲ. ಅದನ್ನು ಹಾಳುಮಾಡಿದ್ದು ಆಟವಲ್ಲ, ಲಾರಿ. ಬಳ್ಳಾರಿಗೆ ಸಾಮಾನು ಸಾಗಿಸುವಾಗ ಮಾನಿಟರಿನ ಪರದೆ ಮೂಲೆಯಿಂದ ಮೂಲೆಗೆ ಬಿರಿಯಿತು. ಕ್ಯಾಬಿನೆಟ್ ಒಳಗಿನ ಭಾರವಾದ ಕಾರ್ಡು ತನ್ನ ಜಾಗದಿಂದ ಸಡಿಲಗೊಂಡಿತ್ತು. 2021ರಲ್ಲಿ ಕಲಬುರಗಿಗೆ ಆದೇಶ ಬಂದಾಗ ಉಳಿದ ಭಾಗಗಳನ್ನು ಪರಿಚಯದ ಹುಡುಗನೊಬ್ಬನಿಗೆ ಕೊಟ್ಟು, ಆಟಕ್ಕೆಂದೇ ಮಾಡಿದ ಲ್ಯಾಪ್‌ಟಾಪ್ ಕೊಂಡೆ. ತೂಕ 2.3 ಕಿಲೋ, ಜೊತೆಗೆ ಇಟ್ಟಿಗೆಯಂತಹ ಅಡಾಪ್ಟರು. ಬೆನ್ನಿನ ಚೀಲದಲ್ಲಿ ಎರಡೂ ಹಿಡಿದವು. ಮೇಜಿಲ್ಲದ, ಮಂಚವೂ ಬಾರದ ಬಾಡಿಗೆ ಮನೆಯಲ್ಲಿ ಮೊದಲ ರಾತ್ರಿ ಚಾಪೆಯ ಮೇಲೆ ಅದನ್ನು ತೆರೆದಾಗ, ಹಿಂದಿನ ಊರಿನಲ್ಲಿ ಎಲ್ಲಿ ನಿಲ್ಲಿಸಿದ್ದೆನೋ ಅಲ್ಲಿಂದಲೇ ಆಟ ಮುಂದುವರಿಯಿತು. ಪರಿಚಯದವರು ಒಬ್ಬರೂ ಇಲ್ಲದ ಊರಿನಲ್ಲಿ ಅದೊಂದು ದೊಡ್ಡ ಸಮಾಧಾನವಾಗಿತ್ತು.

ಲ್ಯಾಪ್‌ಟಾಪಿನ ಪರವಾಗಿ ನಾನು ಹೇಳಬಹುದಾದ ಎಲ್ಲಕ್ಕಿಂತ ದೊಡ್ಡ ಮಾತು ಒಂದು ಮಳೆಗಾಲದ ರಾತ್ರಿಗೆ ಸೇರಿದ್ದು. 2022ರ ಜುಲೈ, ಆಷಾಢದ ಜಡಿಮಳೆ, ನಾನು ರಜೆಯಲ್ಲಿ ಸಾಗರದ ಹತ್ತಿರದ ನಮ್ಮ ಮನೆಗೆ ಹೋಗಿದ್ದೆ. ಲಿಂಗನಮಕ್ಕಿ ಅಣೆಕಟ್ಟೆ ನಮ್ಮ ತಾಲೂಕಿನದೇ ಆದರೂ, ಗಾಳಿಗೆ ಮರ ಬಿದ್ದು ತಂತಿ ಹರಿದರೆ ನಮ್ಮ ಕಡೆ ಎರಡು ಮೂರು ದಿನ ಕರೆಂಟು ಬಾರದಿರುವುದು ಹೊಸತೇನಲ್ಲ. ಸಂಜೆ ಆರಕ್ಕೇ ಕತ್ತಲು. ಅಮ್ಮ ಒಲೆಯ ಮುಂದೆ ಹಪ್ಪಳ ಸುಡುತ್ತಿದ್ದಳು. ನಾನೂ ಅಕ್ಕನ ಮಗಳೂ ಜಗುಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಕೃಷಿಯ ಆಟ ಆಡುತ್ತಿದ್ದೆವು. ಕೀಬೋರ್ಡು ಅವಳಿಗೆ, ಸಲಹೆ ನನ್ನದು. ತೋಟಕ್ಕೆ ನೀರು ಹಾಯಿಸುವುದು, ಕೋಳಿಗಳಿಗೆ ಮೇವು ಇಡುವುದು, ಹೊಳೆಯಲ್ಲಿ ಮೀನು ಹಿಡಿಯುವುದು, ಇಷ್ಟೇ ಆ ಆಟ. ಮನೆಯಲ್ಲಿದ್ದ ಬೆಳಕು ಅದೊಂದೇ ಆಗಿದ್ದರಿಂದ ಮಳೆಹುಳಗಳೆಲ್ಲ ಬಂದು ಪರದೆಗೆ ಮುತ್ತಿ ರೆಕ್ಕೆ ಕಳಚುತ್ತಿದ್ದವು. ಅವಳು ಒಂದು ಕೈಯಲ್ಲಿ ಅವನ್ನು ಮೆಲ್ಲಗೆ ಸರಿಸುತ್ತ, ಇನ್ನೊಂದು ಕೈಯಲ್ಲಿ ಆಟದೊಳಗಿನ ಮೂಲಂಗಿ ಕೀಳುತ್ತಿದ್ದಳು. ಆಟದೊಳಗೂ ಆ ದಿನ ಮಳೆ ಬರುತ್ತಿತ್ತು. “ಮಾವ, ಇವತ್ತು ಅಲ್ಲೂ ನೀರು ಹಾಕೋದು ಬೇಡ” ಎಂದಳು. ನಾಲ್ಕು ಗಂಟೆಗೂ ಹೆಚ್ಚು ಬ್ಯಾಟರಿ ನಡೆಯಿತು. ಡೆಸ್ಕ್‌ಟಾಪಿನಿಂದ ಅಂತಹ ರಾತ್ರಿ ಸಾಧ್ಯವೇ ಇರಲಿಲ್ಲ. ನಮ್ಮ ಯುಪಿಎಸ್‌ಗಳು ಆಟವನ್ನು ಉಳಿಸಿ ಯಂತ್ರವನ್ನು ಆರಿಸುವಷ್ಟು ಹೊತ್ತಿನವೇ ಹೊರತು ಆಡುವಷ್ಟು ಹೊತ್ತಿನವಲ್ಲ.

ಆದರೆ ಆ ನಾಲ್ಕು ಗಂಟೆ ಸಿಕ್ಕಿದ್ದು ಆಟ ಚಿಕ್ಕದಾಗಿದ್ದರಿಂದ. ಈ ಲೆಕ್ಕವನ್ನು ಕೊಳ್ಳುವ ಮುಂಚೆ ಯಾರೂ ಹೇಳುವುದಿಲ್ಲವಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ ಯಂತ್ರದ ಬ್ಯಾಟರಿ 80 ವ್ಯಾಟ್-ಅವರ್‌ನದು. ದೊಡ್ಡ ಆಟವೊಂದನ್ನು ಪೂರ್ಣ ವೇಗದಲ್ಲಿ ಓಡಿಸುವಾಗ ಪ್ರೊಸೆಸರು, ಗ್ರಾಫಿಕ್ಸ್ ಚಿಪ್ಪು, ಪರದೆ ಎಲ್ಲ ಸೇರಿ 160 ವ್ಯಾಟಿನಷ್ಟು ಎಳೆದರೆ, ಭಾಗಿಸಿ ನೋಡಿ, ಅರ್ಧ ಗಂಟೆಗೆ ಬ್ಯಾಟರಿ ಬರಿದು. ಹಾಗಾಗದಿರಲೆಂದು, ಮತ್ತು ಬ್ಯಾಟರಿ ಅಷ್ಟು ವಿದ್ಯುತ್ತನ್ನು ಒಮ್ಮೆಲೇ ಸುರಕ್ಷಿತವಾಗಿ ಕೊಡಲಾರದಾದ್ದರಿಂದ, ಚಾರ್ಜರ್ ಕಿತ್ತ ತಕ್ಷಣ ಯಂತ್ರ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆಟ ತಡವರಿಸುತ್ತ ಒಂದು, ಒಂದೂಕಾಲು ಗಂಟೆ ನಡೆಯುತ್ತದೆ. ಇನ್ನೂ ದೊಡ್ಡ ಬ್ಯಾಟರಿ ಹಾಕಬಾರದೇಕೆ ಎಂದರೆ, ವಿಮಾನದಲ್ಲಿ ಪ್ರಯಾಣಿಕರು ಮುಂಗಡ ಅನುಮತಿಯಿಲ್ಲದೆ ಒಯ್ಯಬಹುದಾದ ಲಿಥಿಯಂ ಬ್ಯಾಟರಿಯ ಮಿತಿ 100 ವ್ಯಾಟ್-ಅವರ್. ಅತಿ ದೊಡ್ಡ ಗೇಮಿಂಗ್ ಲ್ಯಾಪ್‌ಟಾಪುಗಳ ಬ್ಯಾಟರಿಯೂ 99ರ ಆಸುಪಾಸಿಗೆ ನಿಲ್ಲುವುದು ಅದಕ್ಕಾಗಿಯೇ. ಹೀಗಾಗಿ ‘ಎಲ್ಲಿ ಬೇಕಾದರೂ ಆಡಬಹುದು’ ಎಂಬ ಮಾತು ದೊಡ್ಡ ಆಟಗಳ ಮಟ್ಟಿಗೆ ‘ಎಲ್ಲಿ ಪ್ಲಗ್ ಇದೆಯೋ ಅಲ್ಲಿ ಆಡಬಹುದು’ ಎಂದಷ್ಟೇ ಆಗುತ್ತದೆ. ನನ್ನಂತೆ ಊರಿಂದೂರಿಗೆ ಹೋಗುವವನಿಗೆ ಅದೂ ಕಡಿಮೆಯೇನಲ್ಲ. ಆದರೆ ರೈಲಿನಲ್ಲಿ ಆಡುತ್ತ ಹೋಗುವೆನೆಂಬ ಆಸೆಯಿಂದ ದೊಡ್ಡ ಯಂತ್ರ ಕೊಳ್ಳುವವರಿಗೆ ನಿರಾಶೆ ತಪ್ಪದು.

ಇನ್ನು ಬಿಸಿಯ ವಿಷಯ. ಕಲಬುರಗಿಯ ಮೇ ತಿಂಗಳಿನಲ್ಲಿ ಹೊರಗೆ 42 ಡಿಗ್ರಿ ಇರುವಾಗ ನನ್ನ ಮೊದಲ ಮಹಡಿಯ ಮನೆಯ ಗೋಡೆಗಳು ರಾತ್ರಿ ಹತ್ತಕ್ಕೂ ಕಾವು ಬಿಡುತ್ತಿದ್ದವು. ಡೆಸ್ಕ್‌ಟಾಪಿನ ಕ್ಯಾಬಿನೆಟ್ಟಿನಲ್ಲಿ ಅಂಗೈಗಿಂತ ದೊಡ್ಡ ಫ್ಯಾನುಗಳು ನಿಧಾನವಾಗಿ ತಿರುಗಿ ಗಾಳಿಯನ್ನು ಮುಂದಿನಿಂದ ಎಳೆದು ಹಿಂದಕ್ಕೆ ದೂಡುತ್ತವೆ, ಒಳಗೆ ಬೇಕಾದಷ್ಟು ಖಾಲಿ ಜಾಗವಿರುತ್ತದೆ. ಲ್ಯಾಪ್‌ಟಾಪಿನಲ್ಲಿ ಎರಡು ಬೆರಳಿನ ದಪ್ಪದೊಳಗೆ ಪ್ರೊಸೆಸರು, ಗ್ರಾಫಿಕ್ಸ್ ಚಿಪ್ಪುಗಳು ಅಕ್ಕಪಕ್ಕದಲ್ಲಿ ಕುಳಿತು, ಸಾಮಾನ್ಯವಾಗಿ ಒಂದೇ ತಾಮ್ರದ ಕೊಳವೆಗಳ ಮೂಲಕ ತಮ್ಮ ಶಾಖವನ್ನು ಎರಡು ಚಿಕ್ಕ ಫ್ಯಾನುಗಳಿಗೆ ಒಪ್ಪಿಸುತ್ತವೆ. ಅವು ಕೆಳಗಿನಿಂದ ಎಳೆದುಕೊಳ್ಳುವುದು ಕೋಣೆಯ ಗಾಳಿಯನ್ನೇ. ಕೋಣೆಯೇ 36 ಡಿಗ್ರಿಯಿದ್ದರೆ ಅವು ಮಾಡಬಲ್ಲದ್ದು ಬಹಳವಿಲ್ಲ. ಪ್ರೊಸೆಸರು 95ರಿಂದ 100 ಡಿಗ್ರಿ ಮುಟ್ಟಿದಾಗ ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ. ಆಡುವವನಿಗೆ ಅದು ಕಾಣುವುದು ಹೀಗೆ: ಮೊದಲ ಇಪ್ಪತ್ತು ನಿಮಿಷ ಎಲ್ಲವೂ ನೀರು ಹರಿದಂತೆ ನಡೆಯುತ್ತದೆ, ಆಮೇಲೆ ಕುದುರೆ ಮುಗ್ಗರಿಸಿದಂತೆ ಚಿತ್ರ ಆಗಾಗ ತಡೆದು ನಿಲ್ಲುತ್ತದೆ. ಎಡಗೈಯ ಬೆರಳುಗಳು ಸದಾ ಇರುವ ಡಬ್ಲ್ಯೂ, ಎ, ಎಸ್, ಡಿ ಕೀಲಿಗಳ ಸುತ್ತಮುತ್ತ ಬಿಸಿ ಏರಿ, ಬೆವರಿಗೆ ಡಬ್ಲ್ಯೂ ಅಕ್ಷರದ ಅಚ್ಚು ಅಳಿಸಿಹೋಗಿದೆ. ಫ್ಯಾನಿನ ಸದ್ದು ಪಕ್ಕದ ಕೋಣೆಗೆ ಕೇಳಿಸುತ್ತದೆ.

ಒಂದು ವರ್ಷ ಕಳೆಯುವಷ್ಟರಲ್ಲಿ ತಡವರಿಕೆ ಹತ್ತೇ ನಿಮಿಷಕ್ಕೆ ಶುರುವಾಗತೊಡಗಿತು. ಭಾನುವಾರವೊಂದರಲ್ಲಿ ಧೈರ್ಯಮಾಡಿ ಕೆಳಗಿನ ಮುಚ್ಚಳದ ಹತ್ತು ಸ್ಕ್ರೂಗಳನ್ನು ತೆಗೆದೆ. ತೆಗೆದ ಕ್ರಮದಲ್ಲಿಯೇ ಅವನ್ನು ಹಾಳೆಯ ಮೇಲೆ ಜೋಡಿಸಿಟ್ಟು, ಮೊದಲು ಬ್ಯಾಟರಿಯ ಸಂಪರ್ಕ ಬಿಡಿಸಿ, ಫ್ಯಾನಿನ ಹಿಂದಿನ ತಾಮ್ರದ ಜಾಲರಿಯನ್ನು ನೋಡಿದರೆ ಗಾಳಿ ಹೋಗುವ ಸಂದೇ ಇರಲಿಲ್ಲ. ಆ ಸೀಮೆಯ ನುಣ್ಣನೆಯ ಎರೆಮಣ್ಣಿನ ಧೂಳು, ಬಟ್ಟೆಯ ನೂಲಿನ ಎಳೆ, ಕೂದಲು ಎಲ್ಲ ಸೇರಿ ಹಳೆಯ ಕಂಬಳಿಯ ತುಂಡಿನಂತೆ ಒತ್ತಾಗಿ ಕುಳಿತಿದ್ದವು. ಚಿಮಟದಿಂದ ಹಿಡಿದೆಳೆದಾಗ ಅದು ಇಡಿಯಾಗಿ ಪಟ್ಟಿಯಂತೆ ಎದ್ದು ಬಂತು. ಫ್ಯಾನಿನ ರೆಕ್ಕೆ ತಿರುಗದಂತೆ ಬೆಂಕಿಕಡ್ಡಿಯನ್ನು ಅಡ್ಡ ಹಿಡಿದು, ಒಣಗಿದ ಬಣ್ಣದ ಬ್ರಷ್ಷಿನಿಂದ ಒಂದೊಂದೇ ರೆಕ್ಕೆ ಒರೆಸಿದೆ. ಚಿಪ್ಪುಗಳ ಮೇಲೆ ಒಣಗಿ ಬಿರುಕುಬಿಟ್ಟಿದ್ದ, ಶಾಖ ದಾಟಿಸುವ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ತೆಗೆದು ಹೊಸದನ್ನು ಹಚ್ಚಿದೆ. ಅದೇ ಆಟ, ಅದೇ ಕೋಣೆ, ಮೊದಲು 98 ಡಿಗ್ರಿ ತೋರಿಸುತ್ತಿದ್ದುದು 87ಕ್ಕೆ ಇಳಿಯಿತು. ಅಂದಿನಿಂದ ಆರು ತಿಂಗಳಿಗೊಮ್ಮೆ ಈ ಕೆಲಸ ತಪ್ಪಿಸಿಲ್ಲ. ಮಂಗಳೂರಿಗೆ ಬಂದ ಮೇಲೆ ಧೂಳು ಕಡಿಮೆಯಾಯಿತು, ಆದರೆ ಕಡಲ ಗಾಳಿಗೆ ಸ್ಕ್ರೂಗಳ ತಲೆಗೆ ತುಕ್ಕು ಹಿಡಿಯಲು ಶುರುವಾಗಿದೆ. ಆಟದ ಲ್ಯಾಪ್‌ಟಾಪನ್ನು ಕೊಂಡು ಹಾಗೆಯೇ ಬಿಟ್ಟವರು ಎರಡನೆಯ ಬೇಸಿಗೆಯಲ್ಲಿ ‘ಹಾಳಾಯಿತು’ ಎಂದು ಹೇಳುವುದನ್ನು ಹಲವು ಸಲ ಕೇಳಿದ್ದೇನೆ. ಅನೇಕ ಸಲ ಅದಕ್ಕೆ ಬೇಕಿದ್ದದ್ದು ಒಂದು ಬ್ರಷ್ ಮಾತ್ರ.

ಇದೇ ಬಿಸಿಯಿಂದ ಇನ್ನೊಂದು ತೊಂದರೆಯೂ ಆಯಿತು. ಸದಾ ಚಾರ್ಜರ್ ಸಿಕ್ಕಿಸಿಯೇ ಆಡುತ್ತಿದ್ದುದರಿಂದ ಬ್ಯಾಟರಿ ವರ್ಷಗಟ್ಟಲೆ 100 ಪ್ರತಿಶತದಲ್ಲಿಯೇ, ಅದೂ ಕಾವಿನಲ್ಲಿ ಇತ್ತು. ಲಿಥಿಯಂ ಬ್ಯಾಟರಿಗೆ ಇವೆರಡೂ ಒಟ್ಟಿಗೆ ಬಹಳ ಕೆಟ್ಟದ್ದು. ಮೂರನೆಯ ವರ್ಷ ಟಚ್‌ಪ್ಯಾಡ್ ಒತ್ತಿದರೆ ಕ್ಲಿಕ್ ಆಗುತ್ತಿರಲಿಲ್ಲ. ನೋಡಿದರೆ ಕೆಳಗಿನ ಬ್ಯಾಟರಿ ಉಬ್ಬಿ ಅದನ್ನು ಮೇಲಕ್ಕೆ ಎತ್ತಿತ್ತು. ಉಬ್ಬಿದ ಬ್ಯಾಟರಿ ಬೆಂಕಿಗೆ ಕಾರಣವಾಗಬಲ್ಲದು, ಅದನ್ನು ಚುಚ್ಚುವುದಾಗಲಿ ಅದುಮುವುದಾಗಲಿ ಕೂಡದು. ಕೂಡಲೇ ಬಳಕೆ ನಿಲ್ಲಿಸಿ ಬದಲಾಯಿಸಿದೆ. ಚಾರ್ಜನ್ನು 80 ಪ್ರತಿಶತಕ್ಕೆ ನಿಲ್ಲಿಸುವ ಆಯ್ಕೆ ಯಂತ್ರದೊಳಗೇ ಮೊದಲಿನಿಂದ ಇತ್ತು. ಅದನ್ನು ನಾನು ಆಮೇಲೆ ಗಮನಿಸಿದೆ.

ಕೊಳ್ಳುವಾಗ ನಾನು ವಿಚಾರಿಸದೆ ಬಿಟ್ಟ ಮತ್ತೊಂದು ಸಂಗತಿ ಹೆಸರುಗಳಿಗೆ ಸಂಬಂಧಿಸಿದ್ದು. ನನ್ನ ಲ್ಯಾಪ್‌ಟಾಪಿನಲ್ಲಿರುವುದು ಆರ್‌ಟಿಎಕ್ಸ್ 3060 ಎಂಬ ಗ್ರಾಫಿಕ್ಸ್ ಚಿಪ್ಪು. ಡೆಸ್ಕ್‌ಟಾಪಿಗೂ ಅದೇ ಹೆಸರಿನ ಕಾರ್ಡು ಅದೇ ವರ್ಷ, 2021ರಲ್ಲಿ, ಬಂದಿತ್ತು. ಆದರೆ ಡೆಸ್ಕ್‌ಟಾಪಿನ ಆ ಕಾರ್ಡಿಗೆ 12 ಜಿಬಿ ಸ್ಮರಣೆ, 170 ವ್ಯಾಟ್ ವಿದ್ಯುತ್ತು. ಲ್ಯಾಪ್‌ಟಾಪಿನದಕ್ಕೆ 6 ಜಿಬಿ, ವಿದ್ಯುತ್ತು 60ರಿಂದ 115 ವ್ಯಾಟ್‌ವರೆಗೆ, ಲ್ಯಾಪ್‌ಟಾಪ್ ಮಾಡುವವರು ಎಷ್ಟು ನಿಗದಿಪಡಿಸುತ್ತಾರೋ ಅಷ್ಟು. ಹೀಗಾಗಿ ಒಂದೇ ಚಿಪ್ಪಿನ ಹೆಸರು ಹೊತ್ತ ಎರಡು ಲ್ಯಾಪ್‌ಟಾಪುಗಳ ನಡುವೆಯೂ ವೇಗದಲ್ಲಿ ಸಾಕಷ್ಟು ಅಂತರವಿರಬಹುದು. ಅಂಗಡಿಯ ಫಲಕದಲ್ಲಿ ಈ ವ್ಯಾಟಿನ ಸಂಖ್ಯೆಯನ್ನು ನಾನು ಒಮ್ಮೆಯೂ ಕಂಡಿಲ್ಲ, ಕೇಳಿಯೇ ತಿಳಿಯಬೇಕು. ಆ ಚಿಪ್ಪನ್ನು ಮದರ್‌ಬೋರ್ಡಿಗೆ ಬೆಸುಗೆ ಹಾಕಿರುವುದರಿಂದ ಬದಲಾಯಿಸುವ ಮಾತೇ ಇಲ್ಲ. ಬಹುತೇಕ ಯಂತ್ರಗಳಲ್ಲಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಹೆಚ್ಚಿಸಬಹುದು, ಉಳಿದದ್ದೆಲ್ಲ ಕೊಂಡ ದಿನದ ಹಾಗೆಯೇ ಕೊನೆಯವರೆಗೆ. ಈಗ ಬರುತ್ತಿರುವ ಹಲವು ದೊಡ್ಡ ಆಟಗಳಿಗೆ 6 ಜಿಬಿ ಸ್ಮರಣೆ ಸಾಲುತ್ತಿಲ್ಲ. ನನ್ನ ಹಳೆಯ ಡೆಸ್ಕ್‌ಟಾಪಾಗಿದ್ದರೆ ಕಾರ್ಡೊಂದನ್ನು ಬದಲಾಯಿಸುತ್ತಿದ್ದೆ. ಈಗ, ಪರದೆ, ಕೀಬೋರ್ಡು, ಪ್ರೊಸೆಸರು ಎಲ್ಲವೂ ಚೆನ್ನಾಗಿರುವ ಇಡೀ ಯಂತ್ರವೇ ಹಳತಾಗುತ್ತಿದೆ. ನನಗೆ ಇದು ನಿಜಕ್ಕೂ ದುಃಖದ ಸಂಗತಿ.

ದೇಹದ ಮೇಲಾಗುವ ಪರಿಣಾಮವೂ ಯಂತ್ರದ ಇದೇ ಗುಣದಿಂದ ಬರುತ್ತದೆ. ಪರದೆ ಮತ್ತು ಕೀಬೋರ್ಡು ಒಂದಕ್ಕೊಂದು ಅಂಟಿಕೊಂಡಿರುವುದರಿಂದ, ಕೈಗಳಿಗೆ ಹಿತವಾದ ಎತ್ತರದಲ್ಲಿಟ್ಟರೆ ಕತ್ತು ಬಾಗುತ್ತದೆ, ಕತ್ತಿಗೆ ಹಿತವಾಗುವಷ್ಟು ಎತ್ತರಿಸಿದರೆ ತೋಳು ಸೋಲುತ್ತದೆ. ಇಮೇಲ್ ಓದುವಾಗ ಇದು ಗೊತ್ತಾಗದು. ಆದರೆ ಆಟದಲ್ಲಿ ಮನುಷ್ಯ ಮೈಮರೆತು ಒಂದೇ ಭಂಗಿಯಲ್ಲಿ ಎರಡು ಗಂಟೆ ಕೂರುತ್ತಾನೆ. ಹೆಸರು ‘ಲ್ಯಾಪ್‌ಟಾಪ್’ ಎಂದಿದ್ದರೂ ಆಡುವಾಗ ತೊಡೆಯ ಮೇಲೆ ಇಟ್ಟುಕೊಳ್ಳಲೇಬಾರದು. ಕಾವು ದಿನವೂ ತಾಗುತ್ತಿದ್ದರೆ ಚರ್ಮದ ಮೇಲೆ ಬಲೆಯಂತಹ ಕಂದು ಕಲೆ ಮೂಡುತ್ತದೆ. ಹಿಂದೆ ಅಗ್ಗಿಷ್ಟಿಕೆಯ ಮುಂದೆ ಬಹಳ ಹೊತ್ತು ಕೂರುವವರಿಗೆ ಬರುತ್ತಿದ್ದ ಕಲೆ ಇದು. ದಿನಕ್ಕೆ ಕೆಲವು ಗಂಟೆಯಂತೆ ತಿಂಗಳುಗಟ್ಟಲೆ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆಡಿದ 12 ವರ್ಷದ ಹುಡುಗನಲ್ಲಿ ಇದೇ ಕಲೆ ಕಂಡದ್ದನ್ನು ಸ್ವಿಟ್ಜರ್ಲೆಂಡಿನ ವೈದ್ಯರು 2010ರಲ್ಲಿ ವರದಿ ಮಾಡಿದ್ದರು. ಹಾಸಿಗೆಯ ಮೇಲಿಟ್ಟರೆ ತೊಡೆಗೆ ಕ್ಷೇಮ, ಆದರೆ ಕೆಳಗಿನ ಗಾಳಿಯ ಕಿಂಡಿಗಳು ಮುಚ್ಚಿಹೋಗುತ್ತವೆ.

ನನ್ನ ಕತ್ತು ನೋಯತೊಡಗಿದ ಮೇಲೆ ಮೊದಲು ಸ್ಟ್ಯಾಂಡ್ ಬಂತು, ಸ್ಟ್ಯಾಂಡಿನ ಮೇಲಿಟ್ಟರೆ ಕೈ ಎಟುಕದೆಂದು ಬೇರೆ ಕೀಬೋರ್ಡು ಬಂತು, ಮೌಸಂತೂ ಇದ್ದೇ ಇತ್ತು, ಫ್ಯಾನಿನ ಸದ್ದು ಮರೆಯಲು ಹೆಡ್‌ಫೋನು ಬಂತು, ಇವನ್ನೆಲ್ಲ ಇಡಲು ಮೇಜು ಬಂತು. ಬಾಡಿಗೆ ಮನೆಯ ಮೂಲೆಯಲ್ಲಿ ಕೊನೆಗೆ ನಿಂತದ್ದು ಬಹುಮಟ್ಟಿಗೆ ಡೆಸ್ಕ್‌ಟಾಪೇ. ವ್ಯತ್ಯಾಸವಿಷ್ಟೇ, ಬೇಕೆಂದಾಗ ಅದರ ನಡುವಿನಿಂದ ಯಂತ್ರವನ್ನು ಎತ್ತಿಕೊಂಡು ಸಾಗರಕ್ಕೆ ಹೋಗಬಹುದು. ಆ ವ್ಯತ್ಯಾಸಕ್ಕೆ ನಾನು ಸಂತೋಷದಿಂದಲೇ ಬೆಲೆ ತೆತ್ತಿದ್ದೇನೆ. ಆದರೆ ಒಂದೇ ಊರಿನಲ್ಲಿ ನೆಲೆ ನಿಂತವರು, ಅಷ್ಟೇ ಹಣಕ್ಕೆ ಡೆಸ್ಕ್‌ಟಾಪ್ ಹೆಚ್ಚು ವೇಗವನ್ನೂ ಹೆಚ್ಚು ಬಾಳಿಕೆಯನ್ನೂ ಕೊಡುತ್ತದೆಂಬುದನ್ನು ಎಣಿಸಿಯೇ ತೀರ್ಮಾನಿಸಬೇಕು.

ಇಷ್ಟೆಲ್ಲವನ್ನೂ ಬ್ರಷ್ಷು, ಸ್ಟ್ಯಾಂಡುಗಳಿಂದ ಸರಿಪಡಿಸಬಹುದು. ಸರಿಪಡಿಸಲು ಕಷ್ಟವಾದದ್ದು ಬೇರೆ ಇದೆ. 2003ರಿಂದ 2006ರವರೆಗೆ ಶಿವಮೊಗ್ಗದಲ್ಲಿ ಡಿಗ್ರಿ ಓದುವಾಗ ನಾವು ಸೈಬರ್ ಕೆಫೆಯಲ್ಲಿ ‘ಕೌಂಟರ್-ಸ್ಟ್ರೈಕ್’ ಆಡುತ್ತಿದ್ದೆವು. ಗಂಟೆಗೆ ಇಷ್ಟು ರೂಪಾಯಿ ಎಂದು ಲೆಕ್ಕ. ಗಂಟೆ ಮುಗಿದರೆ ಪರದೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಜೇಬು ಖಾಲಿಯಾದರೆ ಆಟವೂ ಮುಗಿಯಿತು. ಆಮೇಲೆ ಡೆಸ್ಕ್‌ಟಾಪ್ ಬಂದಾಗ ಅದು ನಡುಮನೆಯಲ್ಲಿತ್ತು. ಆಡುವವನ ಬೆನ್ನ ಹಿಂದೆ ಮನೆಯ ಮಂದಿ ಓಡಾಡುತ್ತಿದ್ದರು, ಊಟಕ್ಕೆ ಕರೆಯುತ್ತಿದ್ದರು, ಟಿ.ವಿ. ಹಾಕುತ್ತಿದ್ದರು. ಆಟಕ್ಕೆ ಎದ್ದು ಹೋಗಬೇಕಿತ್ತು, ಆಟದಿಂದ ಎದ್ದು ಬರಬೇಕಿತ್ತು. ಲ್ಯಾಪ್‌ಟಾಪಿಗೆ ಗಂಟೆಯ ಲೆಕ್ಕವೂ ಇಲ್ಲ, ನಡುಮನೆಯೂ ಇಲ್ಲ. ಅದು ಕೋಣೆಗೆ ಬರುತ್ತದೆ, ಹಾಸಿಗೆಗೆ ಬರುತ್ತದೆ, ಬಾಗಿಲು ಹಾಕಿಕೊಂಡರೆ ಒಳಗಿರುವವರು ಓದುತ್ತಿದ್ದಾರೋ ಆಡುತ್ತಿದ್ದಾರೋ ಯಾರಿಗೂ ತಿಳಿಯದು.

ಒಮ್ಮೊಮ್ಮೆ ನಮಗೂ ತಿಳಿಯದು. 2023ರಲ್ಲಿ ನಾನು ಬ್ಯಾಂಕ್ ನೌಕರರ ಸಿಎಐಐಬಿ ಪರೀಕ್ಷೆಗೆ ಓದುತ್ತಿದ್ದೆ. ಓದುವ ಪಿಡಿಎಫ್ ಇದ್ದದ್ದೂ ಆ ಲ್ಯಾಪ್‌ಟಾಪಿನಲ್ಲಿ, ಅರ್ಧಕ್ಕೆ ನಿಲ್ಲಿಸಿದ್ದ ‘ದ ವಿಚರ್ 3’ ಆಟ ಇದ್ದದ್ದೂ ಅದರಲ್ಲಿಯೇ. ಎರಡರ ನಡುವಿನ ದೂರ ಆಲ್ಟ್ ಮತ್ತು ಟ್ಯಾಬ್ ಕೀಲಿಗಳಷ್ಟು. ಹತ್ತು ನಿಮಿಷ ಎಂದು ಹೋದವನು ಬೆಳಗಿನ ಜಾವ ಎರಡಕ್ಕೆ ಹಿಂದಿರುಗಿದ ರಾತ್ರಿಗಳಿವೆ. ಆ ಸಲ ಒಂದು ಪತ್ರಿಕೆಯಲ್ಲಿ ನಪಾಸಾದೆ. ಇದನ್ನು ಕಾಯಿಲೆಯೆಂದು ನಾನು ಕರೆಯುವುದಿಲ್ಲ, ಆ ಪದವನ್ನು ಸುಮ್ಮನೆ ಬಳಸಬಾರದು. ವಿಶ್ವ ಆರೋಗ್ಯ ಸಂಸ್ಥೆ ಆಟದ ಗೀಳನ್ನು ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದ್ದು, ಆ ಪಟ್ಟಿ 2022ರ ಜನವರಿಯಿಂದ ಜಾರಿಗೆ ಬಂದಿದ್ದು ನಿಜ. ಆದರೆ ಆಟದ ಮೇಲೆ ಹಿಡಿತ ತಪ್ಪಿರಬೇಕು, ಬೇರೆಲ್ಲಕ್ಕಿಂತ ಅದೇ ಮೇಲಾಗಿರಬೇಕು, ಕೆಡುಕಾಗುತ್ತಿದ್ದರೂ ಬಿಡಲಾಗದಿರಬೇಕು, ಸಾಮಾನ್ಯವಾಗಿ ಇದೆಲ್ಲ ಒಂದು ವರ್ಷವಾದರೂ ಕಂಡಿರಬೇಕೆಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಅಂತಹ ಸ್ಥಿತಿಗೆ ಬಂದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ‘ಶಟ್’ ಎಂಬ ಚಿಕಿತ್ಸಾಲಯ ನಡೆಯುತ್ತಿದೆ, ಅಲ್ಲಿಗೆ ಹೋಗುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನನ್ನದು ಅದಲ್ಲ, ಕಾಯಿಲೆಗಿಂತ ಬಹಳ ಈಚೆ ಇರುವ, ಬಹುಮಂದಿಗೆ ಪರಿಚಯವಿರುವ ಹೊತ್ತಿನ ಸೋರಿಕೆ. ಪರೀಕ್ಷೆ ಮುಗಿಯುವವರೆಗೆ ವಿಂಡೋಸ್‌ನಲ್ಲಿ ಓದಿಗೊಂದು ಬೇರೆ ಖಾತೆ ಮಾಡಿಕೊಂಡೆ. ಅದರಲ್ಲಿ ಆಟದ ಯಾವ ಗುರುತೂ ಕಾಣುತ್ತಿರಲಿಲ್ಲ. ಆಟಕ್ಕೆ ಹೋಗಬೇಕೆಂದರೆ ಹೊರಬಂದು, ಪಾಸ್‌ವರ್ಡ್ ಹಾಕಿ, ಒಳಗೆ ಹೋಗಬೇಕು. ಅರ್ಧ ನಿಮಿಷದ ಕೆಲಸ, ಆದರೆ ಮತ್ತೆ ಆಟಕ್ಕೆ ‘ಎದ್ದು ಹೋಗುವ’ ಹಾಗಾಯಿತು. ಮುಂದಿನ ಸಲ ಪಾಸಾದೆ.

ಆದರೂ ಓದು, ಆಟ ಎರಡೂ ಒಂದೇ ಪೆಟ್ಟಿಗೆಯಲ್ಲಿರುವುದನ್ನು ಬರಿಯ ಕೆಡುಕೆಂದು ಹೇಳಲು ನನಗೆ ಮನಸ್ಸಾಗದು. ಅದಕ್ಕೆ ಕಾರಣ ಆ ಹುಡುಗಿಯೇ. ಮಳೆಗಾಲದ ಆ ರಾತ್ರಿಯ ಆಟವನ್ನು ಎರಿಕ್ ಬರೋನ್ ಎಂಬಾತ ನಾಲ್ಕು ವರ್ಷಕ್ಕೂ ಮಿಕ್ಕಿ ಒಬ್ಬನೇ ಕುಳಿತು, ಚಿತ್ರ, ಸಂಗೀತ, ಕಥೆ, ಕೋಡು ಎಲ್ಲವನ್ನೂ ತಾನೇ ಮಾಡಿ, 2016ರಲ್ಲಿ ಹೊರತಂದನೆಂದು ಅವಳಿಗೆ ಹೇಳಿದ್ದೆ. “ಒಬ್ಬನೇ?” ಎಂದು ಎರಡು ಸಲ ಕೇಳಿದ್ದಳು. ಮರುವರ್ಷ ರಜೆಗೆ ಹೋದಾಗ ಆಟ ತಯಾರಿಸಲು ಬಳಸುವ ಗೊಡೋ ಎಂಬ ಉಚಿತ ತಂತ್ರಾಂಶವನ್ನು ಇಳಿಸಿಕೊಟ್ಟೆ. ಅಡಿಕೆ ತೋಟದಲ್ಲಿ ಮಂಗಗಳನ್ನು ಓಡಿಸುವ ಪುಟ್ಟ ಆಟವೊಂದನ್ನು ಅದರಲ್ಲಿ ಅವಳು ಮಾಡಿದಳು. ಮಂಗಗಳು ಮರದಿಂದ ಮರಕ್ಕೆ ಹಾರುವುದು ಸರಿಯಾಗಲು ಹದಿನೈದು ದಿನ ಬೇಕಾಯಿತು, ಅಷ್ಟರಲ್ಲಿ ಒಂಬತ್ತನೆಯ ತರಗತಿಯ ವೇಗ, ಗುರುತ್ವಗಳ ಪಾಠ ಅವಳಿಗೆ ಬಾಯಿಪಾಠವಾಗಿ ಉಳಿಯದೆ ಅರ್ಥವಾಗಿತ್ತು. ಆಟಕ್ಕೆಂದೇ ಇರುವ ಕನ್ಸೋಲಿನಲ್ಲಿ ಆಡಬಹುದು, ಹೀಗೆ ಮಾಡಲಾಗದು. ಆಡುವ ಯಂತ್ರವೇ ಮಾಡುವ ಯಂತ್ರವೂ ಆಗಿರುವುದು ಲ್ಯಾಪ್‌ಟಾಪು, ಡೆಸ್ಕ್‌ಟಾಪುಗಳ ಹೆಚ್ಚುಗಾರಿಕೆ, ಹಾಸ್ಟೆಲಿನ ಅರ್ಧ ಮೇಜಿಗೆ ಹಿಡಿಸುವುದು ಲ್ಯಾಪ್‌ಟಾಪು ಮಾತ್ರ. ಬೆಂಗಳೂರಿನಲ್ಲಿ 1997ರಲ್ಲಿಯೇ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆ ಆಟ ತಯಾರಿಕೆಗೆ ಇಳಿದಿತ್ತೆಂದು ಅಕ್ಕನಿಗೆ ಹೇಳಿದಾಗ, ಅದೂ ಒಂದು ಉದ್ಯೋಗವೇ ಎಂದು ಆಶ್ಚರ್ಯಪಟ್ಟಳು. ಮಗಳು ಕಂಪ್ಯೂಟರ್ ಸೈನ್ಸ್ ಆರಿಸಿಕೊಂಡದ್ದರಲ್ಲಿ ಆ ಮಂಗಗಳ ಪಾಲು ಎಷ್ಟಿದೆಯೆಂದು ಅಕ್ಕನಿಗೆ ಗೊತ್ತಿದೆ.

ಕೊನೆಗೆ ನಿನ್ನೆ ಅವಳಿಗೆ ಹೀಗೆ ಹೇಳಿದೆ. ಆಡಬಹುದು. ಹೆಸರು ನೋಡಿ ಕೊಳ್ಳಬೇಡ, ಗ್ರಾಫಿಕ್ಸ್ ಚಿಪ್ಪಿನ ವ್ಯಾಟ್ ಎಷ್ಟು, ಸ್ಮರಣೆ ಎಷ್ಟು ಎಂದು ಕೇಳು. 8 ಜಿಬಿಗೆ ಕಡಿಮೆ ಬೇಡ. ರ‍್ಯಾಮ್ ಹೆಚ್ಚಿಸಲು ಖಾಲಿ ಸ್ಲಾಟ್ ಇದೆಯೇ ನೋಡು. ಚಾರ್ಜಿಗೆ ಮೊದಲ ದಿನವೇ 80ರ ಮಿತಿ ಹಾಕು. ಆಟವನ್ನು ಸೆಕೆಂಡಿಗೆ 60 ಫ್ರೇಮಿಗೆ, ಅಂದರೆ 60 ಚಿತ್ರಕ್ಕೆ, ನಿಲ್ಲಿಸಿದರೆ ಬಿಸಿಯೂ ಸದ್ದೂ ಇಳಿಯುತ್ತವೆ, ಕೋಣೆಯಲ್ಲಿ ಮಲಗಿರುವ ಗೆಳತಿಗೂ ನಿದ್ದೆ ಬರುತ್ತದೆ. ಓದಿಗೊಂದು, ಆಟಕ್ಕೊಂದು ಖಾತೆ ಇರಲಿ. ಹಾಸಿಗೆಯ ಮೇಲೆ ಆಡಬೇಡ. ಮೈಸೂರಿನ ಹವೆ ಕಲಬುರಗಿಯಷ್ಟು ಕಠಿಣವಲ್ಲ, ಆದರೂ ದಸರಾ ರಜೆಗೆ ಬಂದಾಗ ಇಬ್ಬರೂ ಕೂತು ಮುಚ್ಚಳ ಬಿಚ್ಚೋಣ.

ಎಲ್ಲವನ್ನೂ ಕೇಳಿಸಿಕೊಂಡು ಅವಳು ಮರುಪ್ರಶ್ನೆ ಕೇಳಿದಳು: ಹಳೆಯ ಯಂತ್ರದಲ್ಲಿರುವ ನಮ್ಮ ತೋಟವನ್ನು ಹೊಸದಕ್ಕೆ ಸಾಗಿಸಬಹುದೇ ಎಂದು. ಸೇವ್ ಫೋಲ್ಡರನ್ನು ಹುಡುಕಿ ತೆಗೆದು ನೋಡಿದೆ. ಕೆಲವೇ ಎಂಬಿ ಇದೆ. ಕೊನೆಯ ಸಲ ಉಳಿಸಿದ್ದು ಹೋದ ಜೂನಿನಲ್ಲಿ. ಪೆನ್‌ಡ್ರೈವಿಗೆ ಹಾಕಿ, ಬಣ್ಣದ ಬ್ರಷ್ಷಿನ ಜೊತೆ ಕವರಿನಲ್ಲಿಟ್ಟಿದ್ದೇನೆ.